ರೇಷ್ಮೆ ಸೊಪ್ಪಿನ ಸಾರ, ಬಿಳಿ ಇಲಿ, ಕೊಲೆಸ್ಟ್ರಾಲ್: ಪ್ರಯೋಗ ಮಾಡುವವರಿಗೊಂದು ಮಾರ್ಗದರ್ಶಿ

ಮೈಸೂರು, ಮಂಡ್ಯದ ಕಡೆ ಎಂ.ಫಾರ್ಮ್, ಎಂ.ಎಸ್ಸಿ ಓದುವವರು ಪ್ರಾಜೆಕ್ಟಿನ ಕಾಲ ಬಂತೆಂದರೆ ಕೇಳುವುದು ಒಂದೇ ಪ್ರಶ್ನೆ: ಒಂದು ಎಲೆಯ ಸಾರ ತೆಗೆದು ಇಲಿಗೆ ಕೊಟ್ಟು ಕೊಲೆಸ್ಟ್ರಾಲ್ ಇಳಿಯುತ್ತದೆಯೇ ಎಂದು ನೋಡಬೇಕು, ಎಲ್ಲಿಂದ ಶುರು ಮಾಡಲಿ? ಹೆಚ್ಚಿನವರು ಇಲಿಯಿಂದ ಶುರು ಮಾಡುತ್ತಾರೆ. ಕೆಡುವುದೂ ಅಲ್ಲೇ. ಇಂಥ ಪ್ರಯೋಗಗಳಲ್ಲಿ ಮುಕ್ಕಾಲು ಪಾಲು ತಪ್ಪು ಇಲಿಯನ್ನು ಮುಟ್ಟುವ ಮೊದಲೇ ನಡೆದುಹೋಗಿರುತ್ತದೆ: ಎಲೆ ಆರಿಸುವಲ್ಲಿ, ಒಣಗಿಸುವಲ್ಲಿ, ಲೆಕ್ಕ ಹಾಕುವಲ್ಲಿ. ಅದಕ್ಕೇ ಈ ಬರಹ ಸೊಪ್ಪಿನ ತೋಟದಿಂದ ಹೊರಡುತ್ತದೆ.

ಉದಾಹರಣೆಗೆ ಹಿಪ್ಪುನೇರಳೆ ಎಲೆಯನ್ನು, ನಮ್ಮ ಕಡೆಯ ಮಾತಿನಲ್ಲಿ ರೇಷ್ಮೆ ಸೊಪ್ಪನ್ನು, ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುತ್ತದೆ, ತಳಿಯ ಹೆಸರೂ ಗೊತ್ತಿರುತ್ತದೆ. ಕರಿಬೇವು, ನುಗ್ಗೆ ಸೊಪ್ಪು ಏನೇ ಆದರೂ ಕ್ರಮ ಇದೇ.

1. ಮೊದಲು ಅನುಮತಿ

ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆ, 1960ರ ಅಡಿಯಲ್ಲಿ ಪ್ರಯೋಗಗಳ ಮೇಲ್ವಿಚಾರಣೆಗೆ ಕೇಂದ್ರ ಸಮಿತಿಯೊಂದಿದೆ. ಹಿಂದೆ ಸಿಪಿಸಿಎಸ್‌ಇಎ ಎನ್ನುತ್ತಿದ್ದದ್ದು, ಈಗ ಸಿಸಿಎಸ್‌ಇಎ. ನಿಮ್ಮ ಸಂಸ್ಥೆಯ ಪ್ರಾಣಿಮನೆ ಅಲ್ಲಿ ನೋಂದಣಿಯಾಗಿರಬೇಕು. ಪ್ರಯೋಗದ ಯೋಜನೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯಲ್ಲಿ ಒಪ್ಪಿಗೆ ಪಡೆಯಬೇಕು. ಅರ್ಜಿಯ ಹೆಸರು ಫಾರ್ಮ್ ಬಿ. ಇಲಿಗಳನ್ನು ನೋಂದಾಯಿತ ಸಾಕಣೆದಾರರಿಂದಲೇ ತರಬೇಕು. ಕೆಲಸ ಮುಗಿಸಿಕೊಂಡು ಆಮೇಲೆ ಅನುಮತಿ ಪಡೆಯುವ ದಾರಿ ಇಲ್ಲ. ಅನುಮತಿ ಸಂಖ್ಯೆ ಇಲ್ಲದ ಪ್ರಬಂಧವನ್ನು ಒಳ್ಳೆಯ ಪತ್ರಿಕೆಗಳು ತೆರೆದೂ ನೋಡುವುದಿಲ್ಲ.

ಸಮಿತಿ ಕೇಳುವ ಮೊದಲ ಪ್ರಶ್ನೆ: ಇಷ್ಟೇ ಇಲಿ ಯಾಕೆ? ‘ಎಲ್ಲರೂ ಗುಂಪಿಗೆ 6 ಇಟ್ಟಿದ್ದಾರೆ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಸರಳ ಲೆಕ್ಕವೊಂದಿದೆ: ಒಟ್ಟು ಇಲಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ ಬರುವ ಅಂಕಿ 10ರಿಂದ 20ರೊಳಗೆ ಇರಬೇಕು. 5 ಗುಂಪು, ತಲಾ 5 ಇಲಿ ಎಂದರೆ 25ರಲ್ಲಿ 5 ಕಳೆದು 20. ತಲಾ 6 ಇಟ್ಟರೆ 25 ಆಗುತ್ತದೆ. ಆಗ ಹೆಚ್ಚುವರಿ ಒಂದೊಂದಕ್ಕೂ ಕಾರಣ ಬರೆಯಬೇಕು. ಎಂಟು ವಾರದ ಪ್ರಯೋಗದಲ್ಲಿ ಒಂದೆರಡು ಸಾಯಬಹುದು ಎಂಬುದು ಒಪ್ಪತಕ್ಕ ಕಾರಣವೇ.

2. ಎಲೆ ತರುವುದು

ಎಲೆಯ ಜತೆ ಒಂದು ಕೊಂಬೆಯನ್ನೂ, ಸಿಕ್ಕರೆ ಹೂ ಕಾಯಿ ಸಮೇತ, ಕತ್ತರಿಸಿ ತನ್ನಿ. ಅದನ್ನು ಒತ್ತಿ ಒಣಗಿಸಿ ಹರ್ಬೇರಿಯಮ್ ಹಾಳೆ ಮಾಡಿ, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಸಂಖ್ಯೆ ಹಾಕಿಸಿ ಇಡಿಸಬೇಕು. ಇದಕ್ಕೆ ವೌಚರ್ ಮಾದರಿ ಎನ್ನುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಹೆಸರು ಹೇಳಿ ಕೊಂಡ ಒಣ ಸೊಪ್ಪಿಗೆ ಈ ಸಾಕ್ಷಿ ಸಿಗುವುದಿಲ್ಲ. ನೆಲನೆಲ್ಲಿ ಎಂದು ಮಾರುವ ಕಟ್ಟಿನಲ್ಲಿ ಒಂದೇ ಜಾತಿಯ ಗಿಡ ಇರುತ್ತದೆಂಬ ಖಾತ್ರಿ ಯಾರಿಗೂ ಇಲ್ಲ.

ಹಿಪ್ಪುನೇರಳೆಯಲ್ಲಿ ತಳಿ ಬರೆದುಕೊಳ್ಳಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲೇ ರೂಪುಗೊಂಡ ವಿ-1 ಈಗ ಹೆಚ್ಚಾಗಿ ಕಾಣುವ ತಳಿ. ಕುಡಿ ಎಲೆ, ನಡುವಿನ ಎಲೆ, ಬಲಿತ ಎಲೆ ಇವುಗಳಲ್ಲಿರುವ ರಾಸಾಯನಿಕಗಳ ಪ್ರಮಾಣ ಬೇರೆ ಬೇರೆ. ಕೊಂಬೆಯ ಯಾವ ಭಾಗದ್ದು, ಕಟಾವಾಗಿ ಎಷ್ಟನೇ ದಿನದ್ದು ಎಂಬುದೂ ನೋಟ್‌ಬುಕ್ಕಿನಲ್ಲಿರಲಿ.

ಇನ್ನೊಂದು ಎಚ್ಚರ, ಬಹಳ ಜನ ಮರೆಯುವಂಥದ್ದು: ಎಲೆ ಮುರುಟುವ ಟುಕ್ರಾ ರೋಗ ತರುವ ಹಿಟ್ಟುತಿಗಣೆಗೆ, ಎಲೆ ಸುತ್ತುವ ಹುಳಕ್ಕೆ ರೈತರು ಔಷಧಿ ಹೊಡೆದಿರುತ್ತಾರೆ. ಕೊನೆಯ ಸಲ ಹೊಡೆದದ್ದು ಯಾವಾಗ ಎಂದು ತೋಟದವರನ್ನೇ ಕೇಳಿ. ಉಳಿಕೆ ಕೀಟನಾಶಕ ಸಾರದಲ್ಲಿ ಸಾಂದ್ರವಾದರೆ ಇಲಿ ಜೊಲ್ಲು ಸುರಿಸುತ್ತದೆ, ನಡುಗುತ್ತದೆ. ನೀವು ಅದನ್ನು ಗಿಡದ ವಿಷ ಎಂದು ಬರೆದುಬಿಡುತ್ತೀರಿ. ಹುಳುಮನೆಯೊಳಗೆ ರಾಶಿ ಹಾಕಿದ ಸೊಪ್ಪನ್ನೂ ತೆಗೆದುಕೊಳ್ಳಬೇಡಿ. ಅಲ್ಲಿ ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿ ಹಾರಿರುತ್ತವೆ. ಗಿಡದಿಂದಲೇ ಬಿಡಿಸಿ.

3. ಎಷ್ಟು ಬೇಕು

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಇಲಿಯ ತೂಕ ಸರಾಸರಿ 250 ಗ್ರಾಂ. ಕೆ.ಜಿ.ಗೆ 400 ಮಿ.ಗ್ರಾಂ ಪ್ರಮಾಣವೆಂದರೆ ಒಂದು ಇಲಿಗೆ ದಿನಕ್ಕೆ 100 ಮಿ.ಗ್ರಾಂ. 6 ಇಲಿ, 28 ದಿನ: 16.8 ಗ್ರಾಂ. 200 ಮಿ.ಗ್ರಾಂ ಗುಂಪಿಗೆ ಅದರರ್ಧ, 8.4 ಗ್ರಾಂ. ವಿಷತ್ವ ಪರೀಕ್ಷೆಗೆ ಸುಮಾರು 2.4 ಗ್ರಾಂ. ಚೆಲ್ಲಿದ್ದು, ಅಂಟಿದ್ದು, ರಾಸಾಯನಿಕ ಪರೀಕ್ಷೆಗೆ ಹೋದದ್ದು ಸೇರಿಸಿದರೆ 35 ಗ್ರಾಂ.

ಹಸಿ ರೇಷ್ಮೆ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. 1 ಕೆ.ಜಿ. ಒಣಗಿದರೆ 250 ಗ್ರಾಂ ಆಸುಪಾಸು. ಅದರಿಂದ ಶೇ. 15ರಷ್ಟು ಸಾರ ಬಂತೆಂದು ಹಿಡಿದರೆ 37 ಗ್ರಾಂ. ಸಾಲುತ್ತದೆ ಎನ್ನಿಸಬಹುದು, ಆದರೂ 2 ಕೆ.ಜಿ. ತನ್ನಿ. ಅರ್ಧದಲ್ಲಿ ಸಾರ ಮುಗಿದು ಮತ್ತೊಮ್ಮೆ ಎಲೆ ತಂದು ತೆಗೆದರೆ ಅದು ಬೇರೆಯದೇ ಸಾರ. ಪ್ರಯೋಗ ಮುಗಿಯುವವರೆಗೆ ಒಂದೇ ಸಲ ತೆಗೆದ ಸಾರವೇ ನಡೆಯಬೇಕು.

4. ಒಣಗಿಸಿ ಸಾರ ತೆಗೆಯುವುದು

ತೊಳೆದು, ನೀರಿಳಿಸಿ, ನೆರಳಲ್ಲಿ ತೆಳುವಾಗಿ ಹರಡಿ. ಬೇಸಿಗೆಯಲ್ಲಿ ವಾರ ಸಾಕು. ಜೂನ್, ಜುಲೈನಲ್ಲಿ ಬೂಷ್ಟು ಹಿಡಿಯುತ್ತದೆ, ಆಗ 40 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಾಡುವ ಓವನ್ನೇ ಸರಿ. ಕೈಯಲ್ಲಿ ಅಮುಕಿದರೆ ಹಪ್ಪಳದಂತೆ ಮುರಿಯಬೇಕು. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಜಾರ್ ಕಾದು ಎಲೆ ಬೇಯುತ್ತದೆ. 40 ನಂಬರಿನ ಜರಡಿ ಹಿಡಿಯಿರಿ. ತೀರಾ ನುಣ್ಣಗಾದರೆ ಮುಂದೆ ಸೋಸುವಾಗ ಕಾಗದ ಕಟ್ಟಿಕೊಳ್ಳುತ್ತದೆ.

ದ್ರಾವಕ: ಶೇ. 70ರ ಎಥನಾಲ್. ಶೇ. 95ರದ್ದು 737 ಮಿ.ಲೀ. ಅಳೆದು ಶುದ್ಧೀಕರಿಸಿದ ನೀರು ಸೇರಿಸಿ 1 ಲೀಟರ್ ಮಾಡಿ. ಎಥನಾಲ್ ಅಬಕಾರಿ ಲೆಕ್ಕಕ್ಕೆ ಬರುವ ವಸ್ತು, ಸ್ಟೋರ್‌ಗೆ ಮೊದಲೇ ಇಂಡೆಂಟ್ ಕೊಡಿ. 100 ಗ್ರಾಂ ಪುಡಿಗೆ 1 ಲೀಟರ್ ಹಾಕಿ, ಮುಚ್ಚಿ, ಆಗಾಗ ಅಲುಗಾಡಿಸುತ್ತ 72 ಗಂಟೆ ನೆನೆಸಿ. ಮೊದಲು ಮಸ್ಲಿನ್ ಬಟ್ಟೆಯಲ್ಲಿ, ಆಮೇಲೆ ವಾಟ್‌ಮನ್ 1ನೇ ನಂಬರ್ ಕಾಗದದಲ್ಲಿ ಸೋಸಿ. ಉಳಿದ ಗಷ್ಟಿಗೆ ಹೊಸ ದ್ರಾವಕ ಹಾಕಿ ಇನ್ನೊಮ್ಮೆ ಮಾಡಿ. ಎರಡೂ ಸೋಸಿದ್ದನ್ನು ಸೇರಿಸಿ ರೋಟರಿ ಎವಾಪರೇಟರ್‌ನಲ್ಲಿ, ಅಂದರೆ ನಿರ್ವಾತದಲ್ಲಿ ತಿರುಗಿಸುತ್ತ ಆವಿ ಮಾಡುವ ಯಂತ್ರದಲ್ಲಿ, 40ರಿಂದ 45 ಡಿಗ್ರಿಯಲ್ಲಿ ಇಳಿಸಿ. ಕೊನೆಗುಳಿವ ನೀರಿನಂಶ ಫ್ರೀಜ್ ಡ್ರೈಯರ್‌ನಲ್ಲಿ ಹೋಗಲಿ.

ಹಸಿರು ಜಿಡ್ಡು ಹೆಚ್ಚಾಗಿ ಸಾರ ಕಾಕಂಬಿಯಂತೆ ಅಂಟುತ್ತದೆಂದು ಕೆಲವರು ಮೊದಲು ಪೆಟ್ರೋಲಿಯಂ ಈಥರ್‌ನಲ್ಲಿ ಜಿಡ್ಡು ತೆಗೆಯುತ್ತಾರೆ. ಮಾಡಬಹುದು. ಆದರೆ ಎಲೆಯ ಸಸ್ಯ ಸ್ಟೆರಾಲ್‌ಗಳೂ ಅದರ ಜತೆಗೇ ಹೋಗುತ್ತವೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಗೆ ಅಡ್ಡ ಬರುವ ಗುಣ ಇರುವುದು ಆ ಸ್ಟೆರಾಲ್‌ಗಳಿಗೇ! ಏನನ್ನು ಹುಡುಕುತ್ತಿದ್ದೀರಿ ಎಂದು ತೀರ್ಮಾನಿಸಿ ಆಮೇಲೆ ಜಿಡ್ಡು ತೆಗೆಯಿರಿ.

ಶೇಕಡಾ ಇಳುವರಿ ಎಂದರೆ ಸಾರದ ತೂಕವನ್ನು ಒಣ ಪುಡಿಯ ತೂಕದಿಂದ ಭಾಗಿಸಿ 100ರಿಂದ ಗುಣಿಸುವುದು. ಇಳುವರಿ ವಿಪರೀತ ಹೆಚ್ಚು ಬಂದರೆ ಹಿಗ್ಗಬೇಡಿ, ದ್ರಾವಕ ಪೂರ್ತಿ ಹೋಗಿಲ್ಲ. ಎರಡು ದಿನ ಬಿಟ್ಟು ಮತ್ತೆ ತೂಗಿ, ತೂಕ ನಿಲ್ಲುವವರೆಗೆ ಒಣಗಿಸಿ. ಗಾಢ ಬಣ್ಣದ ಬಾಟಲಿಯಲ್ಲಿ, ತೇವ ತಗಲದಂತೆ, ಫ್ರಿಜ್‌ನಲ್ಲಿಡಿ. ಸಾರದಲ್ಲಿ ಯಾವ ಬಗೆಯ ರಾಸಾಯನಿಕಗಳಿವೆ ಎಂದು ತೋರಿಸುವ ಮೇಯರ್, ಶಿನೋಡಾ, ಫೆರಿಕ್ ಕ್ಲೋರೈಡ್, ನೊರೆ ಪರೀಕ್ಷೆಗಳನ್ನು ಈ ಹಂತದಲ್ಲೇ ಮುಗಿಸಿಕೊಳ್ಳಿ.

5. ವಿಷತ್ವ ನೋಡಿ ಪ್ರಮಾಣ ನಿಗದಿ

ಒಇಸಿಡಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 423ನೇ ಪರೀಕ್ಷಾ ಕ್ರಮ ಬಳಕೆಯಲ್ಲಿದೆ. ವಿಷ ಕಡಿಮೆ ಎಂಬ ಅಂದಾಜಿದ್ದರೆ, ರಾತ್ರಿ ಉಪವಾಸವಿಟ್ಟ 3 ಹೆಣ್ಣಿಲಿಗಳಿಗೆ ಕೆ.ಜಿ.ಗೆ 2000 ಮಿ.ಗ್ರಾಂ ಒಮ್ಮೆ ಕೊಡುವುದು. ಏನೂ ಆಗದಿದ್ದರೆ ಇನ್ನೂ 3ಕ್ಕೆ. ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇರಬೇಕು. ಆಮೇಲೆ 4 ಗಂಟೆಯವರೆಗೆ ಆಗಾಗ, ನಂತರ 14 ದಿನ ದಿನಾ ಗಮನಿಸಬೇಕು. ಸಾವಿಲ್ಲದಿದ್ದರೆ ಅದರ ಹತ್ತನೇ ಒಂದು, ಐದನೇ ಒಂದು ಪಾಲು, ಅಂದರೆ 200 ಮತ್ತು 400 ಮಿ.ಗ್ರಾಂ, ಮುಂದಿನ ಪ್ರಯೋಗಕ್ಕೆ.

6. ಇಲಿಯ ಕೊಲೆಸ್ಟ್ರಾಲ್ ಏರಿಸುವುದು

ಎಲ್ಲರೂ ಬೆವರುವುದು ಇಲ್ಲೇ. ಇಲಿ ಸುಲಭಕ್ಕೆ ಬಗ್ಗುವ ಪ್ರಾಣಿಯಲ್ಲ. ಅದರ ರಕ್ತದ ಕೊಲೆಸ್ಟ್ರಾಲ್ ಹೆಚ್ಚಿನಂಶ ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್‌ನಲ್ಲೇ ಇರುತ್ತದೆ. ಮನುಷ್ಯರಲ್ಲಿ ಎಚ್‌ಡಿಎಲ್‌ನಿಂದ ‘ಕೆಟ್ಟದ್ದು’ ಎನ್ನುವ ಎಲ್‌ಡಿಎಲ್ ಕಡೆಗೆ ಕೊಲೆಸ್ಟ್ರಾಲ್ ಸಾಗಿಸುವ ಸಿಇಟಿಪಿ ಎಂಬ ಪ್ರೋಟೀನ್ ಇಲಿಗಿಲ್ಲ. ಪಿತ್ತಕೋಶವೂ ಇಲ್ಲ. ಹ್ಯಾಮ್‌ಸ್ಟರ್ ಈ ವಿಷಯದಲ್ಲಿ ಮನುಷ್ಯನಿಗೆ ಹತ್ತಿರ, ಮೊಲಕ್ಕೆ ಕೊಲೆಸ್ಟ್ರಾಲ್ ತಿನ್ನಿಸಿದರೆ ಬೇಗ ಏರುತ್ತದೆ. ಖರ್ಚು, ಜಾಗ, ಅನುಮತಿ ನೋಡಿ ನಮ್ಮಲ್ಲಿ ವಿಸ್ಟಾರ್ ಎಂಬ ತಳಿಯ ಬಿಳಿ ಇಲಿಗೇ ಬರುತ್ತೇವೆ. ಬರುವುದಾದರೆ ಅದರ ಮಿತಿ ಗೊತ್ತಿದ್ದು ಬರಬೇಕು.

ದಾರಿ ಎರಡು. ಒಂದು, ಟ್ರೈಟನ್ ಡಬ್ಲ್ಯೂಆರ್-1339 ಎಂಬ ಸಾಬೂನಿನಂಥ ರಾಸಾಯನಿಕದ ಚುಚ್ಚುಮದ್ದು. ಇದು ರಕ್ತದಿಂದ ಕೊಬ್ಬು ತೆರವಾಗುವುದನ್ನು ತಡೆಯುತ್ತದೆ, ಒಂದು ದಿನದಲ್ಲಿ ಟ್ರೈಗ್ಲಿಸರೈಡ್ ಜಿಗಿಯುತ್ತದೆ, ಆಮೇಲೆ ತಾನಾಗಿಯೇ ಇಳಿಯತೊಡಗುತ್ತದೆ. ಗಿಡ ಏನಾದರೂ ಮಾಡೀತೇ ಎಂದು ಬೇಗ ನೋಡುವುದಕ್ಕೆ ಸರಿ. ‘ದೀರ್ಘಕಾಲ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯುತ್ತದೆ’ ಎಂದು ಇದರಿಂದ ಹೇಳಲಾಗದು.

ಇನ್ನೊಂದು, ಆಹಾರದ ದಾರಿ. 1 ಕೆ.ಜಿ.ಗೆ: ಮಾಮೂಲಿ ಇಲಿ ಆಹಾರದ ಪುಡಿ 875 ಗ್ರಾಂ, ಕೊಬ್ಬರಿ ಎಣ್ಣೆ 100 ಗ್ರಾಂ, ಕೊಲೆಸ್ಟ್ರಾಲ್ 20 ಗ್ರಾಂ, ಕೋಲಿಕ್ ಆಮ್ಲ 5 ಗ್ರಾಂ. ಕೋಲಿಕ್ ಆಮ್ಲ ಪಿತ್ತಾಮ್ಲವೇ. ಇದು ಕೊಲೆಸ್ಟ್ರಾಲ್ ಹೀರಿಕೆ ಹೆಚ್ಚಿಸುತ್ತದೆ, ಯಕೃತ್ತಿನಲ್ಲಿ ಅದು ಪಿತ್ತವಾಗಿ ಖರ್ಚಾಗುವುದನ್ನು ತಗ್ಗಿಸುತ್ತದೆ. ಇದನ್ನು ಬಿಟ್ಟರೆ ಇಲಿಯಲ್ಲಿ ಅಂಕಿ ಸರಿಯಾಗಿ ಏರುವುದೇ ಇಲ್ಲ.

ಬೆರೆಸುವ ಬಗೆ: ಕೊಲೆಸ್ಟ್ರಾಲನ್ನು ಬೆಚ್ಚಗಿನ ಎಣ್ಣೆಯಲ್ಲಿ ಚೆನ್ನಾಗಿ ಕಲಸಿ. ಕೋಲಿಕ್ ಆಮ್ಲವನ್ನು 50 ಗ್ರಾಂ ಆಹಾರ ಪುಡಿಯಲ್ಲಿ ಬೆರೆಸಿ, ಆಮೇಲೆ ಅಷ್ಟೇ ಪುಡಿ ಸೇರಿಸಿ, ಹೀಗೆ ಪ್ರತಿ ಸಲ ಎರಡರಷ್ಟು ಮಾಡುತ್ತ ಹೋಗಿ. ಒಮ್ಮೆಲೇ ಸುರಿದರೆ ಗಂಟು ನಿಂತು ಒಂದು ಇಲಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ ಎಂದಾಗುತ್ತದೆ. ವಾರಕ್ಕೊಮ್ಮೆ ಹೊಸದಾಗಿ ಮಾಡಿ ಫ್ರಿಜ್‌ನಲ್ಲಿಡಿ. ಏಪ್ರಿಲ್ ಸೆಕೆಗೆ ಕಮಟಿದರೆ ಇಲಿ ಮೂಸಿ ಬಿಟ್ಟುಬಿಡುತ್ತದೆ. ಕೊಬ್ಬಿನ ಆಹಾರ ತಿನ್ನುವ 4 ಗುಂಪು, ತಲಾ 6ರಂತೆ 24 ಇಲಿ, ದಿನಕ್ಕೆ 20 ಗ್ರಾಂನಂತೆ 56 ದಿನಕ್ಕೆ 27 ಕೆ.ಜಿ. ಆಹಾರ, ಅಂದರೆ ಸುಮಾರು 540 ಗ್ರಾಂ ಕೊಲೆಸ್ಟ್ರಾಲ್. ಅಗ್ಗದ ವಸ್ತುವಲ್ಲ, ಬಜೆಟ್ ಬರೆಯುವಾಗಲೇ ಸೇರಿಸಿ.

ಹಳೆಯ ಪ್ರಬಂಧಗಳಲ್ಲಿ ವನಸ್ಪತಿ ಮೂರು ಪಾಲು, ಕೊಬ್ಬರಿ ಎಣ್ಣೆ ಒಂದು ಪಾಲು ಕೊಟ್ಟ ಮಾದರಿ ಕಾಣುತ್ತದೆ. ಅದನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರುವಂತಿಲ್ಲ. ಅಂದಿನ ವನಸ್ಪತಿಯೂ ಇಂದಿನದೂ ಒಂದಲ್ಲ.

7. ಗುಂಪು, ದಿನಚರಿ

150ರಿಂದ 200 ಗ್ರಾಂನ ಗಂಡಿಲಿಗಳನ್ನು ತಂದು ವಾರ ಕಾಲ ಹೊಂದಿಕೊಳ್ಳಲು ಬಿಡಿ. ಉಷ್ಣಾಂಶ 22 ಡಿಗ್ರಿ ಆಸುಪಾಸು, 12 ಗಂಟೆ ಬೆಳಕು, 12 ಗಂಟೆ ಕತ್ತಲೆ. ಗುಂಪುಗಳು: (ಅ) ಮಾಮೂಲಿ ಆಹಾರ, (ಆ) ಕೊಬ್ಬಿನ ಆಹಾರ ಮಾತ್ರ, (ಇ) ಕೊಬ್ಬಿನ ಆಹಾರ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಔಷಧಿಗಳಲ್ಲೊಂದಾದ ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ, (ಈ) ಕೊಬ್ಬಿನ ಆಹಾರ ಮತ್ತು ಸಾರ 200, (ಉ) ಕೊಬ್ಬಿನ ಆಹಾರ ಮತ್ತು ಸಾರ 400. ಪ್ರಮಾಣಗಳೆಲ್ಲ ಕೆ.ಜಿ. ತೂಕಕ್ಕೆ. ಮೊದಲ ಎರಡು ಗುಂಪಿಗೂ ಸಾರ ಕಲಸುವ ದ್ರಾವಣವನ್ನು, ಅಂದರೆ ಶೇ. 0.5ರ ಸಿಎಂಸಿ ಅಂಟು ನೀರನ್ನು, ಅಷ್ಟೇ ಪ್ರಮಾಣದಲ್ಲಿ ಕೊಡಬೇಕು. ಬಾಯಿಗೆ ಸೂಜಿ ಹಾಕುವ ಗಾಬರಿಯೂ ಎಲ್ಲ ಗುಂಪಿಗೂ ಸಮನಾಗಿರಬೇಕಲ್ಲ.

ಮೊದಲು 4 ವಾರ ಕೊಲೆಸ್ಟ್ರಾಲ್ ಏರಿಸಿ, ಆಮೇಲೆ 4 ವಾರ ಸಾರ ಕೊಟ್ಟರೆ ಅದು ಚಿಕಿತ್ಸೆಯ ಮಾದರಿ. ಮೊದಲ ದಿನದಿಂದಲೇ ಎರಡನ್ನೂ ಕೊಟ್ಟರೆ ತಡೆಗಟ್ಟುವ ಮಾದರಿ. ಚಿಕಿತ್ಸೆಯ ಮಾದರಿಯಾದರೆ 4ನೇ ವಾರದ ರಕ್ತ ನೋಡಿದ ಮೇಲೆ, ಸರಾಸರಿ ಸಮ ಬರುವಂತೆ, ಚೀಟಿ ಎತ್ತಿ ಗುಂಪು ಮಾಡಿ. ಕೈಗೆ ಮೊದಲು ಸಿಕ್ಕ ಆರು ಇಲಿ ಒಂದು ಗುಂಪಿಗೆ ಎಂದರೆ ಮಂಕಾದವು, ಸುಲಭಕ್ಕೆ ಸಿಕ್ಕುವವು ಒಂದೇ ಕಡೆ ಸೇರುತ್ತವೆ.

ಕೊಡುವ ಲೆಕ್ಕ: 200 ಗ್ರಾಂ ಇಲಿಗೆ 400 ಮಿ.ಗ್ರಾಂನಂತೆ 80 ಮಿ.ಗ್ರಾಂ. ಕೆ.ಜಿ.ಗೆ 10 ಮಿ.ಲೀ. ಮೀರದಂತೆ ಕೊಡಬೇಕು, ಆದ್ದರಿಂದ 2 ಮಿ.ಲೀ. ದ್ರಾವಣದ ಸಾಂದ್ರತೆ ಮಿ.ಲೀ.ಗೆ 40 ಮಿ.ಗ್ರಾಂ. 200ರ ಗುಂಪಿಗೆ ಮಿ.ಲೀ.ಗೆ 20 ಮಿ.ಗ್ರಾಂ ಮಾಡಿದರೆ ಇಬ್ಬರಿಗೂ ಒಂದೇ ಪರಿಮಾಣ. ದಿನಾ ಹೊಸದಾಗಿ ಕಲಸಿ, ಪ್ರತಿ ಇಲಿಗೂ ಮುಂಚೆ ಅಲುಗಾಡಿಸಿ. ತಳಕ್ಕೆ ಕೂರುತ್ತದೆ, ಕೊನೆಯ ಇಲಿಗೆ ಗಟ್ಟಿ ಹೋಗುತ್ತದೆ. ವಾರಕ್ಕೊಮ್ಮೆ ತೂಗಿ ಲೆಕ್ಕ ಬದಲಿಸಿ. ತುದಿ ಗುಂಡಗಿರುವ ಬಾಯಿ ಸೂಜಿಯನ್ನು ಒತ್ತಬಾರದು, ಅದಾಗಿಯೇ ಜಾರಿ ಇಳಿಯಬೇಕು. ತಡೆದರೆ, ಇಲಿ ಕೆಮ್ಮಿದರೆ ಹೊರಗೆ ತೆಗೆಯಿರಿ. ಶ್ವಾಸನಾಳಕ್ಕೆ ಹೋದ 2 ಮಿ.ಲೀ. ಇಲಿಯನ್ನು ಅಲ್ಲೇ ಕೊಲ್ಲುತ್ತದೆ.

ಆಹಾರವನ್ನು ಹಾಕುವಾಗ ತೂಗಿ, ಮಾರನೆ ದಿನ ಉಳಿದದ್ದನ್ನೂ ತೂಗಿ. ಇದನ್ನು ಬಿಟ್ಟವರ ಫಲಿತಾಂಶವನ್ನು ನಂಬುವುದು ಕಷ್ಟ. ಸಾರ ಕುಡಿದ ಇಲಿ ಹೊಟ್ಟೆ ಕೆಟ್ಟು ಕಡಿಮೆ ತಿಂದರೆ ಕೊಲೆಸ್ಟ್ರಾಲ್ ಇಳಿಯಲೇಬೇಕು. ಅದು ಉಪವಾಸದ ಫಲ, ಸೊಪ್ಪಿನದಲ್ಲ.

ಮಲದಲ್ಲಿ ಕೊಲೆಸ್ಟ್ರಾಲ್, ಪಿತ್ತಾಮ್ಲ ಅಳೆಯುವ ಆಸೆಯಿದ್ದರೆ ನೆನಪಿಡಿ, ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ತಂತಿ ಜಾಲರಿ ತಳದ ಪಂಜರ ಬೇಕು.

8. ರಕ್ತ, ಕಿಟ್

12 ಗಂಟೆ ಉಪವಾಸ, ನೀರು ಮಾತ್ರ. ಇಲಿಯ ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವ ವೇಗ ಹಗಲು ರಾತ್ರಿಗೆ ಬದಲಾಗುತ್ತದೆ. ಅ ಗುಂಪಿನದು ಬೆಳಿಗ್ಗೆ 9ಕ್ಕೆ, ಉ ಗುಂಪಿನದು ಮಧ್ಯಾಹ್ನ 2ಕ್ಕೆ ತೆಗೆದರೆ ಹೋಲಿಕೆ ಹಾಳು. ಪ್ರತಿ ಗುಂಪಿನಿಂದ ಒಂದೊಂದರಂತೆ ಸರದಿ ಮೇಲೆ ತೆಗೆಯಿರಿ. ಅರಿವಳಿಕೆ ಕಡ್ಡಾಯ. ಇಲಿಯ ರಕ್ತ ಕೆ.ಜಿ.ಗೆ ಸುಮಾರು 64 ಮಿ.ಲೀ. 200 ಗ್ರಾಂನದಕ್ಕೆ 13 ಮಿ.ಲೀ.ಗಿಂತ ಕಡಿಮೆ, ಬದುಕಿಸಿ ತೆಗೆಯಬಹುದಾದದ್ದು ಅದರ ಹತ್ತನೇ ಒಂದು ಪಾಲು ಮಾತ್ರ.

ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, 3000 ಆರ್‌ಪಿಎಂನಲ್ಲಿ 10ರಿಂದ 15 ನಿಮಿಷ ತಿರುಗಿಸಿದರೆ ಮೇಲೆ ನಿಲ್ಲುವ ತಿಳಿಯೇ ಸೀರಮ್. ಅದು ಕೆಂಪಾಗಿದ್ದರೆ ರಕ್ತಕಣ ಒಡೆದಿವೆ, ಆ ಮಾದರಿ ಬಿಡಿ. ಒಟ್ಟು ಕೊಲೆಸ್ಟ್ರಾಲ್‌ಗೆ ಕಿಣ್ವದ ಕಿಟ್: ಬಣ್ಣವನ್ನು 505 ನ್ಯಾನೊಮೀಟರ್‌ನಲ್ಲಿ ಓದಿ, ಮಾದರಿಯ ಅಂಕಿಯನ್ನು ಮಾನಕದ, ಅಂದರೆ ಸಾಂದ್ರತೆ ಮೊದಲೇ ಗೊತ್ತಿರುವ ದ್ರಾವಣದ, ಅಂಕಿಯಿಂದ ಭಾಗಿಸಿ, ಮಾನಕದ ಸಾಂದ್ರತೆಯಿಂದ ಗುಣಿಸಿ.

ಕಿಟ್‌ನಲ್ಲಿ ಒಂದು ಬಲೆ ಇದೆ. ಬಣ್ಣ ಹುಟ್ಟುವುದು ಹೈಡ್ರೋಜನ್ ಪೆರಾಕ್ಸೈಡ್‌ನಿಂದ. ಎಲೆಯ ಪಾಲಿಫಿನಾಲ್‌ಗಳು ಅದನ್ನೇ ನುಂಗಬಲ್ಲವು. ಪರೀಕ್ಷಾ ನಳಿಕೆಯಲ್ಲಿ ಸಾರವನ್ನೇ ನೇರ ಸೇರಿಸಿ ‘ಕೊಲೆಸ್ಟ್ರಾಲ್ ಕರಗಿತು’ ಎನ್ನುವವರು ಹೆಚ್ಚಾಗಿ ಈ ಬಲೆಗೆ ಬಿದ್ದವರೇ. ಮಾನಕ ದ್ರಾವಣಕ್ಕೆ ಚೂರು ಸಾರ ಸೇರಿಸಿ ಓದಿ ನೋಡಿ. ಅಂಕಿ ಕುಸಿದರೆ ಕಾರಣ ತಿಳಿಯಿತು.

ಎಲ್‌ಡಿಎಲ್‌ಗೆ ಎಲ್ಲರೂ ಬಳಸುವುದು ಫ್ರೀಡ್‌ವಾಲ್ಡ್ ಸೂತ್ರ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಪಾಲನ್ನೂ ಕಳೆಯುವುದು. 1972ರಲ್ಲಿ ಮನುಷ್ಯರಿಗಾಗಿ ಬಂದದ್ದು. ಅಂಕಿಗಳೆಲ್ಲ ಡೆಸಿಲೀಟರಿಗೆ ಮಿ.ಗ್ರಾಂನಲ್ಲಿ. ಟ್ರೈಗ್ಲಿಸರೈಡ್ 400 ಮೀರಿದರೆ ಮನುಷ್ಯರಲ್ಲೇ ನಡೆಯುವುದಿಲ್ಲ. ಟ್ರೈಟನ್ ಕೊಟ್ಟ ಇಲಿಯಲ್ಲಿ ಒಟ್ಟು 160, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 800 ಎಂದಿಟ್ಟುಕೊಳ್ಳಿ: 160ರಿಂದ 35 ಹೋಗಿ, 160 ಹೋಗಿ, ಎಲ್‌ಡಿಎಲ್ ಋಣ 35! ಇಂಥ ಕಡೆ ಎಚ್‌ಡಿಎಲ್ ಅಲ್ಲದ ಕೊಲೆಸ್ಟ್ರಾಲ್ ಎಂದು ಒಟ್ಟಾಗಿ ಕೊಡುವುದೇ ಪ್ರಾಮಾಣಿಕ.

ಸ್ಟಾಟಿನ್ ಗುಂಪಿನಲ್ಲಿ ಒಟ್ಟು ಕೊಲೆಸ್ಟ್ರಾಲ್ ಅಷ್ಟಾಗಿ ಇಳಿಯದಿದ್ದರೆ ಗಾಬರಿಯಾಗಬೇಡಿ. ಕೊಲೆಸ್ಟ್ರಾಲ್ ತಯಾರಿಸುವ ಯಾವ ಕಿಣ್ವವನ್ನು ಸ್ಟಾಟಿನ್ ತಡೆಯುತ್ತದೋ, ಇಲಿಯ ಯಕೃತ್ತು ಆ ಕಿಣ್ವವನ್ನೇ ಹೆಚ್ಚು ತಯಾರಿಸಿ ಔಷಧಿಗೆ ಎದುರು ನಿಲ್ಲುತ್ತದೆ. ‘ನಮ್ಮ ಸೊಪ್ಪು ಸ್ಟಾಟಿನ್‌ಗಿಂತ ಮೇಲು’ ಎಂದು ಮಾತ್ರ ಬರೆಯಬೇಡಿ.

9. ಲೆಕ್ಕ, ವಿಲೇವಾರಿ

ಎಲ್ಲ ಗುಂಪುಗಳ ಸರಾಸರಿಯನ್ನು ಒಟ್ಟಿಗೆ ಹೋಲಿಸುವ ಏಕಮುಖ ಅನೋವಾ ಎಂಬ ಪರೀಕ್ಷೆ ಮೊದಲು, ಬಳಿಕ ಕೊಬ್ಬಿನ ಆಹಾರದ ಗುಂಪಿಗೆ ಉಳಿದವನ್ನು ಹೋಲಿಸುವುದಾದರೆ ಡನೆಟ್ ಪರೀಕ್ಷೆ. ಎರಡೆರಡು ಗುಂಪಿಗೆ ಬೇರೆ ಬೇರೆ ಟಿ ಪರೀಕ್ಷೆ ಮಾಡುತ್ತ ಹೋದರೆ ಎಲ್ಲೋ ಒಂದು ಕಡೆ ಸುಳ್ಳು ಗೆಲುವು ಸಿಗುತ್ತದೆ. ಇಲಿ ಸತ್ತಿದ್ದರೆ, ಅಂಕಿ ಬಿಟ್ಟಿದ್ದರೆ ಕಾರಣ ಸಮೇತ ಬರೆಯಿರಿ. ಸಾಧ್ಯವಿದ್ದರೆ ಕಿಟ್ ಓದುವವರಿಗೆ ಗುಂಪಿನ ಹೆಸರು ತಿಳಿಯದಿರಲಿ, ಟ್ಯೂಬಿನ ಮೇಲೆ ಬರೀ ನಂಬರ್ ಸಾಕು. ಇಲಿಗಳ ದೇಹ ಹಳದಿ ಚೀಲಕ್ಕೆ, 48 ಗಂಟೆಯೊಳಗೆ ವಿಲೇವಾರಿಗೆ.

ಮನೆಯಲ್ಲಿ ಕುಡಿಯಬಹುದೇ?

ವಿದ್ಯಾರ್ಥಿಗಳಲ್ಲದವರು ಕೇಳುವುದು ಇದನ್ನೇ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಬದಲಿಸಲು 6ರಿಂದ ಗುಣಿಸಿ 37ರಿಂದ ಭಾಗಿಸುತ್ತಾರೆ. 400 ಮಿ.ಗ್ರಾಂ ಎಂದರೆ ಕೆ.ಜಿ.ಗೆ 65, 60 ಕೆ.ಜಿ. ಆಳಿಗೆ ಸುಮಾರು 3.9 ಗ್ರಾಂ ಸಾರ. ಶೇ. 15ರ ಇಳುವರಿಯಲ್ಲಿ ಅದು 26 ಗ್ರಾಂ ಒಣ ಪುಡಿ, ಹಸಿ ಸೊಪ್ಪು 100 ಗ್ರಾಂಗೂ ಮೇಲೆ, ದಿನವೂ. ಅದೂ ಶೇ. 70ರ ಎಥನಾಲ್‌ನಲ್ಲಿ ತೆಗೆದದ್ದು. ನೀರಲ್ಲಿ ಕುದಿಸಿದ ಕಷಾಯದಲ್ಲಿ ಬರುವುದು ಬೇರೆಯೇ ಸಾಮಗ್ರಿ. ಈ ಲೆಕ್ಕ ಮನುಷ್ಯರ ಮೇಲಿನ ಮೊದಲ ಅಧ್ಯಯನಕ್ಕೆ ಪ್ರಮಾಣ ಅಂದಾಜಿಸುವ ವಿಜ್ಞಾನಿಗಳಿಗಾಗಿ ಇರುವುದು, ಅಡುಗೆಮನೆಗಲ್ಲ. ಡಾಕ್ಟರು ಬರೆದ ಸ್ಟಾಟಿನ್ ಮಾತ್ರೆಯನ್ನು ಇಲಿಯ ಫಲಿತಾಂಶ ನೋಡಿ ಬಿಡಬೇಡಿ. ಹಿಪ್ಪುನೇರಳೆ ಎಲೆಯಲ್ಲಿ ಪಿಷ್ಟ ಸಕ್ಕರೆಯಾಗುವುದನ್ನು ತಡೆಯುವ ಡಿಯಾಕ್ಸಿನೋಜಿರಿಮೈಸಿನ್ ಎಂಬ ಅಂಶವೂ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅದರ ಜತೆ ಈ ಸೊಪ್ಪಿನ ಪುಡಿಯನ್ನೂ ಸೇರಿಸಿದರೆ ಸಕ್ಕರೆ ತೀರಾ ಕೆಳಗಿಳಿಯುವ ಅಪಾಯವಿದೆ, ಆದ್ದರಿಂದ ಡಾಕ್ಟರಿಗೆ ಹೇಳದೆ ಶುರು ಮಾಡಬಾರದು.